ಸುಟ್ಟ ಎಲುಬಿನಲ್ಲಿ ರಾಜನ ಭವಿಷ್ಯ

ಪ್ರಶ್ನೆ: ಪ್ರಾಚೀನ ಚೀನಾದಲ್ಲಿ ಎಲುಬು ಸುಟ್ಟು ಶಕುನ ಕೇಳುತ್ತಿದ್ದರಂತೆ. ನಿಜವೇ?

ಉತ್ತರ: ನಿಜ. ಸುಮಾರು 3,200 ವರ್ಷಗಳ ಹಿಂದೆ ಶಾಂಗ್ ವಂಶದ ರಾಜರು ಮಳೆ, ಬೆಳೆ, ಯುದ್ಧ, ಕಡೆಗೆ ಹಲ್ಲುನೋವಿನ ಬಗ್ಗೆಯೂ ಹೀಗೆ ಕೇಳುತ್ತಿದ್ದರು. ಎತ್ತಿನ ಭುಜದ ಎಲುಬನ್ನೋ ಆಮೆಯ ಹೊಟ್ಟೆಭಾಗದ ಚಿಪ್ಪನ್ನೋ ಉಜ್ಜಿ ನಯಗೊಳಿಸಿ, ಹಿಂಬದಿಯಲ್ಲಿ ಸಾಲಾಗಿ ಸಣ್ಣ ಗುಳಿ ಕೊರೆಯುತ್ತಿದ್ದರು. ಗುಳಿಗೆ ಬಿಸಿ ತಾಗಿಸಿದರೆ ಮುಂಬದಿಯಲ್ಲಿ ಚಟ್ ಎಂದು ಬಿರುಕು ಮೂಡುತ್ತಿತ್ತು. ಆ ಬಿರುಕಿನ ರೀತಿ ನೋಡಿ ಸತ್ತ ಪೂರ್ವಿಕರ ಇಷ್ಟಾನಿಷ್ಟ ತಿಳಿಯುವುದು. ಆಮೇಲೆ ಕೇಳಿದ ಪ್ರಶ್ನೆಯನ್ನು ಅದೇ ಎಲುಬಿನ ಮೇಲೆ ಕೆತ್ತಿಡುತ್ತಿದ್ದರು.

ರಾಜ ವೂ ಡಿಂಗ್‌ನ ಪತ್ನಿ ಫೂ ಹಾವೋ ಬಸುರಿಯಾಗಿದ್ದಾಗಿನ ಒಂದು ಚಿಪ್ಪು ಸಿಕ್ಕಿದೆ. ಹತ್ತು ದಿನಗಳ ವಾರದಲ್ಲಿ ‘ಡಿಂಗ್’ ದಿನ ಹೆರಿಗೆಯಾದರೆ ಒಳ್ಳೆಯದು, ‘ಗೆಂಗ್’ ದಿನವಾದರೆ ಇನ್ನೂ ಶುಭ ಎಂದು ರಾಜನೇ ಬಿರುಕು ಓದಿ ಹೇಳಿದ. 31ನೇ ದಿನ ಹೆರಿಗೆಯಾಯಿತು, ಎರಡೂ ಅಲ್ಲದ ದಿನ. ಕೆತ್ತಿದವನು ಷರಾ ಬರೆದ: ಒಳ್ಳೆಯದಾಗಲಿಲ್ಲ, ಹುಟ್ಟಿದ್ದು ಹೆಣ್ಣು. ರಾಜನ ಮಾತು ಸುಳ್ಳಾಗಲಿಲ್ಲ ಎಂಬ ಸಮಾಧಾನವೂ ಇದರಲ್ಲಿ ಇದ್ದಿರಬೇಕು! ವಿಚಿತ್ರವೆಂದರೆ, ಹೆಣ್ಣೆಂದು ಮುಖ ಸಿಂಡರಿಸಿದ ಆ ಆಸ್ಥಾನದಲ್ಲಿ ಸೇನೆ ನಡೆಸಿದವಳು ಇದೇ ಫೂ ಹಾವೋ. 1976ರಲ್ಲಿ ಆನ್ಯಾಂಗ್‌ನಲ್ಲಿ ಪತ್ತೆಯಾದ ಅವಳ ಸಮಾಧಿಯಲ್ಲಿ 400ಕ್ಕೂ ಹೆಚ್ಚು ಕಂಚಿನ ವಸ್ತುಗಳಿದ್ದವು.

ಈ ಎಲುಬುಗಳು ಬಹುಕಾಲ ‘ಡ್ರ್ಯಾಗನ್ ಮೂಳೆ’ ಎಂಬ ಹೆಸರಿನಲ್ಲಿ ಔಷಧಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಬೀಜಿಂಗ್‌ನ ವಿದ್ವಾಂಸ ವಾಂಗ್ ಯಿರಾಂಗ್ 1899ರಲ್ಲಿ ಅವುಗಳ ಮೇಲಿನ ಬರಹವನ್ನು ಗುರುತಿಸಿದರು. ಅಷ್ಟರಲ್ಲಿ ಎಷ್ಟು ಚಿಪ್ಪುಗಳು ಪುಡಿಯಾಗಿ ರೋಗಿಗಳ ಹೊಟ್ಟೆ ಸೇರಿದ್ದವೋ!