ಚೆಂಡು ನಿಲ್ಲುವುದೇ ಇಲ್ಲ!

ರಾಮನಗರದಲ್ಲೋ ಚನ್ನಪಟ್ಟಣದಲ್ಲೋ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಸಾಕು, ಬೆಳಗಾಗುವ ಹೊತ್ತಿಗೆ ತೋರಣಗಲ್ಲು. ಇಳಿದರೆ ಅದಿರಿನ ಕೆಂಪು ದೂಳು, ಉಕ್ಕಿನ ಕಾರ್ಖಾನೆಯ ಚಿಮಣಿಗಳು. ಇಲ್ಲೆಲ್ಲಿಯ ಫುಟ್‌ಬಾಲು ಅಂದುಕೊಳ್ಳುವಷ್ಟರಲ್ಲಿ ಕಣ್ಣೆದುರು ಹಸಿರೋ ಹಸಿರು!

ಇದು 2018ರಲ್ಲಿ ಬಾಗಿಲು ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್. ಒಂದು ಕಡೆ ಕುಸ್ತಿ, ಇನ್ನೊಂದು ಕಡೆ ಬಾಕ್ಸಿಂಗ್, ಜೂಡೊ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಇರುವುದೂ ಇಲ್ಲೇ.

ನಾವು ಹೋದಾಗ ರೊಂಡೊ ನಡೆದಿತ್ತು. ಸುತ್ತ ಐದಾರು ಹುಡುಗರು, ನಡುವೆ ಚೆಂಡು ಕಸಿಯಲು ಇಬ್ಬರು. ಸುತ್ತ ನಿಂತವರಿಗೆ ಒಂದೇ ಮುಟ್ಟು, ಎರಡನೆಯದಕ್ಕೆ ಅವಕಾಶವಿಲ್ಲ. ಅಬ್ಬಾ, ಆ ವೇಗ! ಗೂಡಿನಿಂದ ರೇಷ್ಮೆ ಎಳೆ ಬಿಚ್ಚಿಕೊಳ್ಳುವ ಹಾಗೆ ಚೆಂಡು ಕಾಲಿಂದ ಕಾಲಿಗೆ ಹರಿಯುತ್ತಲೇ ಇದೆ, ಕಡಿಯುವುದೇ ಇಲ್ಲ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಇಲ್ಲಿ ಗೆರೆಯ ಪಕ್ಕ ನಿಂತಾಗಲೇ ಗೊತ್ತಾಗಿದ್ದು: ಚೆಂಡು ಬರುವ ಮೊದಲೇ ಪ್ರತಿಯೊಬ್ಬನೂ ಭುಜದ ಮೇಲಿಂದ ಹಿಂದೆ ನೋಡಿಕೊಂಡಿರುತ್ತಾನೆ! ಮುಂದಿನ ಪಾಸು ಎಲ್ಲಿಗೆ ಎಂಬುದು ಆಗಲೇ ತೀರ್ಮಾನವಾಗಿರುತ್ತದೆ. ಆಟದ ಅರ್ಧ ಕಣ್ಣಲ್ಲೇ ಇದೆ.

ಅಭ್ಯಾಸ ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದು ಕೈ ಕುಲುಕಿದರು. ಎಂಥ ಸಂಕೋಚದ ಹುಡುಗರು! ಮೈದಾನದಲ್ಲಿ ಹುಲಿಗಳಾಗಿದ್ದವರು ಇವರೇನಾ ಅನ್ನಿಸಿತು.

ಇವರ ಕ್ಲಬ್ಬು ಹುಟ್ಟಿದ್ದು 2013ರಲ್ಲಿ. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. 2019ರಲ್ಲಿ ಐಎಸ್‌ಎಲ್ ಕಿರೀಟ. ಸುನಿಲ್ ಛೆಟ್ರಿಯ ಹೆಸರು ಎಲ್ಲರಿಗೂ ಗೊತ್ತು. ನನ್ನನ್ನು ರೋಮಾಂಚನಗೊಳಿಸುವ ಹೆಸರು ವಿನಿತ್ ವೆಂಕಟೇಶ್. ಬೆಂಗಳೂರಿನ ಹುಡುಗ, ಇದೇ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದವನು. 2024ರ ಸೆಪ್ಟೆಂಬರಿನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧದ ಪಂದ್ಯದ ಏಕೈಕ ಗೋಲು ಅವನದು. ಹತ್ತೊಂಬತ್ತರ ಹುಡುಗ! ಅಂಥ ಗೋಲು ಹುಟ್ಟುವುದು ಪ್ರೇಕ್ಷಕರೇ ಇಲ್ಲದ ಇಂಥ ಬೆಳಗಿನ ಅಭ್ಯಾಸದಲ್ಲಿ.

ಮಾಗಡಿಯ, ಕನಕಪುರದ ಶಾಲೆ ಬಯಲುಗಳಲ್ಲಿ ಬರಿಗಾಲಲ್ಲಿ ಚೆಂಡು ಒದೆಯುವ ಮಕ್ಕಳಿಗೆ ಇದನ್ನು ತೋರಿಸಬೇಕು. ಅಪ್ಪ ಅಮ್ಮಂದಿರೇ, ಮೇಷ್ಟ್ರುಗಳೇ, ಮೊದಲೇ ಅನುಮತಿ ಕೇಳಿಕೊಂಡು ಒಮ್ಮೆ ಕರೆದುಕೊಂಡು ಹೋಗಿ. ಪಂದ್ಯವೇ ಆಗಬೇಕೆಂದಿಲ್ಲ, ಒಂದು ಬೆಳಗಿನ ಅಭ್ಯಾಸ ತೋರಿಸಿ.