ಖತಾವಣಿಯಲ್ಲಿ ಕಾಣದ ಕೊಂಡಿಗಳು: ವರ್ತಕರಿಗೆ ಜಾಲನಕ್ಷೆಯ ಉಪಯೋಗ

ಯಾದಗಿರಿ, ಶಹಾಪುರ ಮತ್ತು ಸುರಪುರಗಳ ವಾಣಿಜ್ಯವು ಕೊಂಡಿಗಳ ಮೇಲೆ ನಿಂತಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಮತ್ತು ಹತ್ತಿ, ಮಳೆಯಾಶ್ರಿತ ಭೂಮಿಯ ತೊಗರಿ ರೈತನಿಂದ ಅಡತಿ ಅಂಗಡಿಗೆ, ಗಿರಣಿಗೆ, ಅಲ್ಲಿಂದ ಪರಸ್ಥಳದ ಖರೀದಿದಾರರಿಗೆ ಸಾಗುತ್ತವೆ. ಆದರೆ ಖತಾವಣಿಯಲ್ಲಿ ಪ್ರತಿಯೊಬ್ಬ ವ್ಯವಹಾರಸ್ಥನಿಗೂ ಪ್ರತ್ಯೇಕ ಪುಟ. ಒಂದು ಪುಟಕ್ಕೂ ಮತ್ತೊಂದು ಪುಟಕ್ಕೂ ಇರುವ ನಂಟು ಅಲ್ಲಿ ಗೋಚರಿಸುವುದಿಲ್ಲ.

ಈ ಕೊರತೆಯನ್ನು ನೀಗುವುದೇ ಜಾಲನಕ್ಷೆ. ಪ್ರತಿ ಸಂಸ್ಥೆಗೆ ಒಂದು ಚೌಕ, ಪ್ರತಿ ವ್ಯವಹಾರಕ್ಕೆ ಒಂದು ಗೆರೆ. ಗೆರೆಯ ದಪ್ಪ ಮೊತ್ತವನ್ನೂ, ಚೌಕದ ಬಣ್ಣ ಸ್ಥಿತಿಯನ್ನೂ ಸೂಚಿಸುತ್ತದೆ. ಚೌಕವನ್ನು ಒತ್ತಿದೊಡನೆ ಬಿಲ್ಲುಗಳ ವಿವರ ತೆರೆದುಕೊಳ್ಳುತ್ತದೆ. ಇಂತಹ ನಕ್ಷೆಯನ್ನು ವೆಬ್ ತಂತ್ರಾಂಶದಲ್ಲಿ ಅಳವಡಿಸಲು ಸಿದ್ಧ ಕೋಡ್ ಲೈಬ್ರರಿಗಳಿವೆ. ರಿಯಾಕ್ಟ್ ಫ್ಲೋ ಹಾಗೂ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸೈಟೋಸ್ಕೇಪ್ ಜೆಎಸ್ ಎಂಬಿವು ಎಂಐಟಿ ಪರವಾನಗಿಯಡಿ ವಾಣಿಜ್ಯ ಬಳಕೆಗೂ ಉಚಿತ. ಗೋಜೆಎಸ್ ಎಂಬುದಕ್ಕೆ ಪರವಾನಗಿ ಶುಲ್ಕ ತೆರಬೇಕು.

ಇದರಿಂದ ಸಣ್ಣ ವರ್ತಕನಿಗೆ ಆಗುವ ಲಾಭವೇನು? ಸರಕು ಮತ್ತು ಸೇವಾ ತೆರಿಗೆಯ ಒಂದು ಉದಾಹರಣೆ ಸಾಕು. ಶಹಾಪುರದ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದು 2024-25ರಲ್ಲಿ ₹5,00,000 ಮೌಲ್ಯದ ಯಂತ್ರಭಾಗಗಳನ್ನು ಕೊಂಡು, ಶೇಕಡಾ 18ರಂತೆ ₹90,000 ಹೂಡುವಳಿ ತೆರಿಗೆ ಜಮೆ ಪಡೆಯಿತೆಂದು ಇಟ್ಟುಕೊಳ್ಳಬಹುದು. ಮಾರಾಟಗಾರನು ಜಿಎಸ್‌ಟಿಆರ್-1 ಸಲ್ಲಿಸಿದ್ದರಿಂದ ಬಿಲ್ಲು 2ಬಿಯಲ್ಲಿ ಕಾಣಿಸಿಕೊಂಡಿತು. ಆದರೆ ಅವನು 3ಬಿ ಸಲ್ಲಿಸಲಿಲ್ಲ. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ 37ಎ ನಿಯಮದಂತೆ, 2025ರ ಸೆಪ್ಟೆಂಬರ್ 30ರೊಳಗೆ ಅವನು ಅದನ್ನು ಸಲ್ಲಿಸದಿದ್ದಲ್ಲಿ, ಖರೀದಿದಾರನು ನವೆಂಬರ್ 30ರೊಳಗೆ ಜಮೆಯನ್ನು ಹಿಂತಿರುಗಿಸಬೇಕು. ತಪ್ಪಿದರೆ ಬಡ್ಡಿಯೂ ಸೇರುತ್ತದೆ. ಮಾರಾಟಗಾರನು ಮುಂದೆ 3ಬಿ ಸಲ್ಲಿಸಿದಾಗ ಜಮೆಯನ್ನು ಮತ್ತೆ ಪಡೆಯಬಹುದು. ಅಲ್ಲಿಯವರೆಗೆ ಹಂಗಾಮಿನ ಬಂಡವಾಳ ಕಟ್ಟಿಬಿದ್ದಂತೆಯೇ ಸರಿ.

ಮಾರಾಟಗಾರನು ವಿವರಪತ್ರ ಸಲ್ಲಿಸಿರುವನೇ ಎಂಬುದನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಅವನ ನೋಂದಣಿ ಸಂಖ್ಯೆಯಿಂದ ಯಾರಾದರೂ ತಿಳಿಯಬಹುದು. ಪ್ರತಿ ತಿಂಗಳು ಈ ಸ್ಥಿತಿಯನ್ನು ನಕ್ಷೆಗೆ ಸೇರಿಸಿ, ಸಲ್ಲಿಸದವರ ಚೌಕವನ್ನು ಕೆಂಪಾಗಿಸಿದರೆ, ದಪ್ಪ ಗೆರೆ ಕೆಂಪು ಚೌಕಕ್ಕೆ ಸೇರುವಲ್ಲೇ ಅಪಾಯವಿದೆಯೆಂದು ತಿಳಿಯುತ್ತದೆ. ಆ ಸಂಸ್ಥೆಗೆ ಮುಂದಿನ ಹಣ ಪಾವತಿಸುವ ಮೊದಲೇ ವಿಚಾರಿಸಲು ಅವಕಾಶ ದೊರೆಯುತ್ತದೆ. ಕೃಷಿಕನಿಂದ ನೇರವಾಗಿ ಕೊಂಡ ಹತ್ತಿಗೆ 2017ರ ನವೆಂಬರ್ 15ರಿಂದ ನೋಂದಾಯಿತ ಖರೀದಿದಾರನೇ ತೆರಿಗೆ ಕಟ್ಟಬೇಕಾಗಿರುವುದರಿಂದ, ಆ ಗೆರೆಗಳಿಗೆ ಬೇರೆಯೇ ಬಣ್ಣವಿರಬೇಕು.

ಮತ್ತೊಂದು ಉಪಯೋಗ ಇನ್ನೂ ಮಹತ್ವದ್ದು. ಬ್ಯಾಂಕ್ ಖಾತೆ, ದೂರವಾಣಿ ಮತ್ತು ಲಾರಿ ಸಂಖ್ಯೆಗಳನ್ನೂ ಚೌಕಗಳನ್ನಾಗಿ ಮಾಡಿದರೆ, ಬೇರೆ ಬೇರೆ ಹೆಸರಿನ ಎರಡು ಸಂಸ್ಥೆಗಳು ಒಂದೇ ಖಾತೆಗೆ ಕೂಡಿಕೊಳ್ಳುವುದು ಕಣ್ಣಿಗೆ ಬೀಳುತ್ತದೆ. ಸರಕಿಲ್ಲದೆ ಬಿಲ್ಲು ಮಾತ್ರ ಸುತ್ತುವ ವ್ಯವಹಾರಗಳು ಸಾಮಾನ್ಯವಾಗಿ ಹೀಗೆಯೇ ಹೊರಬೀಳುತ್ತವೆ. ಜಿಎಸ್‌ಟಿ ಜಾಲದ ಬಿಫಾ ವಿಶ್ಲೇಷಣಾ ವ್ಯವಸ್ಥೆಯ ಮೂಲಕ ತೆರಿಗೆ ಅಧಿಕಾರಿಗಳು ಇಂತಹ ಸಂಬಂಧಗಳನ್ನು ಪರಿಶೀಲಿಸುತ್ತಾರೆ. ಅಧಿಕಾರಿಗೆ ಕಾಣುವುದು ಇಡೀ ಸರಪಳಿ. ವರ್ತಕನ ಲೆಕ್ಕದಲ್ಲಿ ಕಾಣುವುದು ಅದರ ಒಂದು ಹೆಜ್ಜೆ ಮಾತ್ರ. ಆ ಒಂದು ಹೆಜ್ಜೆಯನ್ನಾದರೂ ಸ್ಪಷ್ಟವಾಗಿ ಅರಿತಿರುವುದು, ನೋಟಿಸು ಬಂದ ಮೇಲೆ ಕಡತ ಹುಡುಕುವುದಕ್ಕಿಂತ ಲೇಸು.

ಕೆಲವು ಎಚ್ಚರಿಕೆಗಳು ಅವಶ್ಯ. ನೂರಾರು ಪಾರ್ಟಿಗಳನ್ನು ಒಮ್ಮೆಗೇ ಚಿತ್ರಿಸಿದರೆ ನಕ್ಷೆ ಜೇಡರಬಲೆಯಾಗುತ್ತದೆ. ದೊಡ್ಡ ಮೊತ್ತದ 20 ಪಾರ್ಟಿಗಳಿಂದ ಆರಂಭಿಸುವುದು ಸೂಕ್ತ. ಟ್ಯಾಲಿಯಿಂದ ಎಕ್ಸೆಲ್‌ಗೆ ತೆಗೆದ ಖರೀದಿ ವಹಿಯೇ ಇದಕ್ಕೆ ಮೂಲ ಸಾಮಗ್ರಿ. ಈ ಲೈಬ್ರರಿಗಳು ಬಳಕೆದಾರನ ಬ್ರೌಸರಿನಲ್ಲಿಯೇ ನಕ್ಷೆ ಬಿಡಿಸುವುದರಿಂದ ಲೆಕ್ಕವನ್ನು ಹೊರಗೆ ಕಳುಹಿಸುವ ಅನಿವಾರ್ಯತೆಯಿಲ್ಲ. ಮಾಹಿತಿ ಎಲ್ಲಿ ಉಳಿಯುತ್ತದೆ, ಲೈಬ್ರರಿಯ ಪರವಾನಗಿ ಯಾವುದು ಎಂಬೆರಡು ಪ್ರಶ್ನೆಗಳಿಗೆ ತಂತ್ರಾಂಶ ತಯಾರಕರಿಂದ ಲಿಖಿತ ಉತ್ತರ ಪಡೆಯಬೇಕು.

ನಕ್ಷೆಯು ಲೆಕ್ಕಕ್ಕೆ ಬದಲಿಯಲ್ಲ. ಕಿರ್ದಿ ತಪ್ಪಾಗಿದ್ದರೆ ನಕ್ಷೆಯೂ ತಪ್ಪು. ಲೆಕ್ಕ ಶುದ್ಧವಿದ್ದಲ್ಲಿ ಮಾತ್ರ, ಯಾವ ಕೊಂಡಿಯನ್ನು ನಂಬಿ ಎಷ್ಟು ಹಣ ನಿಂತಿದೆ ಎಂಬುದನ್ನು ಅದು ಒಂದೇ ನೋಟಕ್ಕೆ ತೋರಿಸಿಕೊಡುತ್ತದೆ.