ಪಾಯಿಂಟ್ಸ್ ಕೊಟ್ಟರೆ ರೂಮು ಪುಕ್ಕಟೆಯೇ?

ಹೋಟೆಲ್ ಆ್ಯಪ್‌ನಲ್ಲಿ ಹತ್ತಿಪ್ಪತ್ತು ಸಾವಿರ ಪಾಯಿಂಟ್ಸ್ ಕೂಡಿದೊಡನೆ ಮನೆಯಲ್ಲಿ ಬರುವ ಮೊದಲ ಮಾತು: "ಈ ಸಲ ರೂಮು ಫ್ರೀ." ಇದೇ ದೊಡ್ಡ ತಪ್ಪು ಕಲ್ಪನೆ. ಆ ಪಾಯಿಂಟ್ಸ್ ನಾವು ಹಿಂದೆ ಕಟ್ಟಿದ ಬಿಲ್ಲಿನಿಂದಲೇ ಬಂದದ್ದು. ಇವತ್ತು ಖರ್ಚಾದರೆ ಮುಂದಿನ ಪ್ರಯಾಣಕ್ಕೆ ಇರುವುದಿಲ್ಲ. ಆದ್ದರಿಂದ ಒಂದು ಪಾಯಿಂಟಿಗೆ ಎಷ್ಟು ಪೈಸೆ ಹುಟ್ಟುತ್ತದೆ ಎಂದು ಮೊದಲು ನೋಡಬೇಕು.

ಬೆಂಗಳೂರಿನ ಐಟಿ ಪ್ರದೇಶದ ಒಂದು ಹೋಟೆಲಿನಲ್ಲಿ ಮಂಗಳವಾರದ ಬಾಡಿಗೆ 9,000 ರೂಪಾಯಿ, ಪಾಯಿಂಟ್ಸ್ ಆದರೆ 15,000 ಎಂದಿಟ್ಟುಕೊಳ್ಳಿ. ಬಾಡಿಗೆ 7,500 ದಾಟಿದರೆ ಜಿಎಸ್‌ಟಿ ಶೇ 18. ಅಲ್ಲಿಗೆ ಬಿಲ್ಲು 10,620 ರೂಪಾಯಿ. ಪಾಯಿಂಟ್ಸ್ ಕೊಟ್ಟಾಗ ಸಾಮಾನ್ಯವಾಗಿ ಈ ತೆರಿಗೆ ನಮ್ಮ ಮೇಲೆ ಬೀಳುವುದಿಲ್ಲ. ಭಾಗಿಸಿದರೆ ಪಾಯಿಂಟಿಗೆ ಸುಮಾರು 71 ಪೈಸೆ. ಆದರೆ ಲೆಕ್ಕ ಇನ್ನೂ ಮುಗಿದಿಲ್ಲ. ದುಡ್ಡು ಕೊಟ್ಟು ಉಳಿದಿದ್ದರೆ ಹೊಸ ಪಾಯಿಂಟ್ಸ್ ಬರುತ್ತಿದ್ದವು. ಮ್ಯಾರಿಯಟ್ ಹೋಟೆಲ್ ಸಮೂಹದ ಬಾನ್‌ವಾಯ್ ಯೋಜನೆಯ ಬಹುತೇಕ ಹೋಟೆಲುಗಳಲ್ಲಿ ಒಂದು ಡಾಲರ್ ಖರ್ಚಿಗೆ 10 ಪಾಯಿಂಟ್ಸ್, ಅಂದರೆ ಇಲ್ಲಿ ಸುಮಾರು 1,000. ಕೈತಪ್ಪಿದ ಅವನ್ನೂ ಸೇರಿಸಿ 16,000ದಿಂದ ಭಾಗಿಸಿದರೆ ನಿಜವಾದ ಬೆಲೆ 66 ಪೈಸೆ.

ಅದೇ ರೂಮು ಶನಿವಾರ 5,500ಕ್ಕೆ ಇಳಿದಿದೆ, ಪಾಯಿಂಟ್ಸ್ 12,000 ಕೇಳುತ್ತಿದೆ ಎನ್ನೋಣ. 2025ರ ಸೆಪ್ಟೆಂಬರ್ 22ರಿಂದ 7,500ರವರೆಗಿನ ರೂಮಿಗೆ ಜಿಎಸ್‌ಟಿ ಶೇ 5 ಮಾತ್ರ. ಒಟ್ಟು 5,775 ರೂಪಾಯಿ, ಪಾಯಿಂಟಿಗೆ 48 ಪೈಸೆ. ಆ ದಿನ ದುಡ್ಡು ಕೊಡುವುದೇ ಸರಿ. ಕೊಡಗಿನಲ್ಲಿ ಇದು ತಿರುಗುಮುರುಗು: ಬೆಂಗಳೂರಿನ ಕಾರುಗಳೆಲ್ಲ ಬಂದಿಳಿಯುವ ವಾರಾಂತ್ಯದಲ್ಲೇ ಅಲ್ಲಿ ಬಾಡಿಗೆ ಏರುವುದು. ಹೋಲಿಸುವಾಗ ತಿಂಡಿಯನ್ನು ಮರೆಯಬೇಡಿ. ದುಡ್ಡಿನ ದರದಲ್ಲಿ ಬೆಳಗಿನ ತಿಂಡಿ ಸೇರಿದ್ದು, ಪಾಯಿಂಟ್ಸ್‌ನಲ್ಲಿ ಬರೀ ರೂಮು ಸಿಗುವುದು ಸಾಮಾನ್ಯ. ನಾಲ್ಕು ಜನರ ತಿಂಡಿಯ ಬಿಲ್ಲು ಇಡೀ ಲೆಕ್ಕವನ್ನೇ ತಲೆಕೆಳಗು ಮಾಡಬಲ್ಲದು.

"ಪಾಯಿಂಟ್ಸ್ ಸುರಿಯುವುದಾದರೆ ದುಬಾರಿ ಹೋಟೆಲಿಗೇ ಸುರಿಯಬೇಕು" ಎಂಬುದು ಇನ್ನೊಂದು ನಂಬಿಕೆ. 40,000 ರೂಪಾಯಿಯ ರೂಮನ್ನು 40,000 ಪಾಯಿಂಟಿಗೆ ಪಡೆದರೆ ಪಾಯಿಂಟಿಗೆ ಒಂದು ರೂಪಾಯಿ ಸಿಕ್ಕಂತೆ ಕಾಣುತ್ತದೆ. ಆದರೆ ದುಡ್ಡು ಕೊಡುವುದಾದರೆ ನೀವು 12,000ಕ್ಕಿಂತ ಮೇಲೆ ಹೋಗುವವರೇ ಅಲ್ಲ ಎಂದಾದರೆ, ಉಳಿದದ್ದು 12,000 ಮಾತ್ರ. ಮದುವೆಯ ವಾರ್ಷಿಕೋತ್ಸವಕ್ಕೆಂದು ಒಂದು ರಾತ್ರಿ ಸುಖವಾಗಿ ಕಳೆಯಿರಿ, ಅದು ಖಂಡಿತ ತಪ್ಪಲ್ಲ. ಅದನ್ನು ಉಳಿತಾಯ ಎಂದು ಬರೆದಿಟ್ಟುಕೊಳ್ಳಬೇಡಿ, ಅಷ್ಟೇ.

ಕೂಡಿಟ್ಟಷ್ಟೂ ಲಾಭ ಎನ್ನುವವರಿಗೆ ನನ್ನ ಉತ್ತರ ನೇರ: ಪಾಯಿಂಟಿಗೆ ಬಡ್ಡಿ ಇಲ್ಲ. ಯಾವ ಹೋಟೆಲಿಗೆ ಎಷ್ಟು ಎಂಬ ನಿಗದಿತ ಪಟ್ಟಿಯನ್ನು ಹಿಲ್ಟನ್ 2017ರಲ್ಲಿ, ಮ್ಯಾರಿಯಟ್ 2022ರಲ್ಲಿ ಕೈಬಿಟ್ಟವು. ಈಗ ಬೇಡಿಕೆ ಏರಿದಂತೆ ಪಾಯಿಂಟ್ಸ್ ದರವೂ ಏರುತ್ತದೆ. ಎರಡರಲ್ಲೂ 24 ತಿಂಗಳು ಯಾವ ವ್ಯವಹಾರವೂ ಇಲ್ಲದಿದ್ದರೆ ಖಾತೆ ಸೊನ್ನೆ.

ಒಂದೇ ಕಡೆ ಐದು ರಾತ್ರಿ ತಂಗುವವರು ಮಾತ್ರ ಪಾಯಿಂಟ್ಸ್ ಕಡೆಗೆ ಗಟ್ಟಿಯಾಗಿ ವಾಲಬಹುದು. ಮ್ಯಾರಿಯಟ್‌ನಲ್ಲಿ ನಾಲ್ಕು ರಾತ್ರಿಗೆ ಪಾಯಿಂಟ್ಸ್ ಕೊಟ್ಟರೆ ಐದನೆಯದಕ್ಕೆ ಕೊಡಬೇಕಿಲ್ಲ. ಹಿಲ್ಟನ್‌ನಲ್ಲಿ ಈ ಸವಲತ್ತು ಸಿಲ್ವರ್ ಮತ್ತು ಅದಕ್ಕೂ ಮೇಲಿನ ದರ್ಜೆಯ ಸದಸ್ಯರಿಗೆ. ಮಂಗಳವಾರದ ದರವೇ ಐದೂ ದಿನ ಇದ್ದರೆ 53,100 ರೂಪಾಯಿಯ ಬಿಲ್ಲು 60,000 ಪಾಯಿಂಟಿಗೆ ಮುಗಿಯುತ್ತದೆ: ಪಾಯಿಂಟಿಗೆ 88.5 ಪೈಸೆ! ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವವರು ರೆಸಾರ್ಟ್ ಶುಲ್ಕವನ್ನೂ ವಿಚಾರಿಸಿಕೊಳ್ಳಿ. ಪಾಯಿಂಟ್ಸ್‌ನಲ್ಲಿ ಉಳಿದರೆ ಹಿಲ್ಟನ್, ಹಯಾತ್ ಅದನ್ನು ಕೇಳುವುದಿಲ್ಲ, ಮ್ಯಾರಿಯಟ್ ಕೇಳುತ್ತದೆ.

ಕ್ರೆಡಿಟ್ ಕಾರ್ಡಿನ ಪಾಯಿಂಟ್ಸನ್ನು ಹೋಟೆಲ್ ಖಾತೆಗೆ ಕಳಿಸುವುದು, ಬೇಕಾದ ದಿನಕ್ಕೆ ರೂಮು ಖಾಲಿ ಇದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಇರಲಿ. ಒಮ್ಮೆ ಅತ್ತ ಹೋದವು ಕಾರ್ಡಿಗೆ ವಾಪಸ್ ಬರುವುದಿಲ್ಲ.